ಇಳಿವಯಸ್ಸಿನ ಓಟವೂ ಮನೆಯ ಲೆಕ್ಕವೂ

ಮನುಷ್ಯನಿಗೆ ಅರವತ್ತು ವರ್ಷಗಳು ತುಂಬಿದಾಗ ಷಷ್ಟ್ಯಬ್ದಪೂರ್ತಿಯ ಶಾಂತಿಯನ್ನು ಮಾಡಿಸಿ, ಮಕ್ಕಳು ಮೊಮ್ಮಕ್ಕಳೆಲ್ಲರೂ ನಮಸ್ಕರಿಸಿ, 'ಇನ್ನು ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಹೇಳುವುದು ನಮ್ಮ ಅನೇಕ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಪ್ರದಾಯ. ವಿಶ್ರಾಂತಿಯೆಂದರೆ ಜಗಲಿಯ ಮೇಲಿನ ಕುರ್ಚಿ, ಹೆಚ್ಚೆಂದರೆ ಸಂಜೆ ದೇವಸ್ಥಾನದವರೆಗಿನ ನಡಿಗೆ, ಎಂದು ಹಿಂದಿನವರು ತಿಳಿದಿದ್ದರು. ಈಗ ಕಾಲವು ಬೇರೆಯಾಗಿದೆ. ಬೆಂಗಳೂರಿನಲ್ಲಿ ೨೦೦೮ನೆಯ ಇಸವಿಯಿಂದ ಹತ್ತು ಕಿಲೋಮೀಟರುಗಳ ದೊಡ್ಡ ಓಟವೊಂದು ನಡೆದುಬಂದಿದೆ; ಇಂತಹ ಓಟಗಳು ಇತರ ಊರುಗಳಲ್ಲಿಯೂ ಉಂಟು. ಭಾನುವಾರ ಬೆಳಕು ಹರಿಯುವ ಮೊದಲೇ ಎದೆಯ ಮೇಲೆ ಅಂಕಿಯ ಚೀಟಿಯನ್ನು ಚುಚ್ಚಿಕೊಂಡು ಹೊರಡುವವರಲ್ಲಿ ತಲೆ ನರೆತವರೂ ಸೇರಿರುವುದನ್ನು ನಾವು ಕಾಣುತ್ತಿದ್ದೇವೆ.

ಇದನ್ನು ಕಂಡು ಕೆಲವರು ನಗುವರು, ಕೆಲವರು ಹೆದರುವರು. ಓಡುವವರಾದರೋ ಒಂದು ಪಂದ್ಯದ ಪದಕವು ಗೋಡೆಯ ಮೊಳೆಗೆ ಏರುವಷ್ಟರಲ್ಲಿಯೇ ಮತ್ತೊಂದು ಪಂದ್ಯಕ್ಕೆ ಹಣ ಕಟ್ಟಿರುವರು. ಮನೆಯವರಿಗೆ ಮಾತ್ರ ಇದು ನಗೆಯ ವಿಷಯವೂ ಅಲ್ಲ, ಪದಕದ ವಿಷಯವೂ ಅಲ್ಲ. ಯಜಮಾನರು ಹಿಂದಿರುಗಿ ಬರುವವರೆಗೆ ಬಾಗಿಲ ಕಡೆಗೆ ಕಣ್ಣಿಟ್ಟುಕೊಂಡಿರುವವರು ಅವರೇ ಅಲ್ಲವೇ? ಆದುದರಿಂದ ಈ ವಿಚಾರವನ್ನು ಓಡುವವರಿಗೂ ಮನೆಯಲ್ಲಿ ಕಾಯುವವರಿಗೂ ಸಮವಾಗಿ ಉಪಯೋಗವಾಗುವಂತೆ ಪರ್ಯಾಲೋಚಿಸುವುದು ಉಚಿತವೆಂದು ತೋರಿತು. ಪ್ರಶ್ನೆಗಳು ಮೂರು: ವಯಸ್ಸಾದವರು ಓಡಬಹುದೇ? ಓಡುವುದಾದರೆ ಎಷ್ಟು ಸಲ ಪಂದ್ಯಕ್ಕೆ ನಿಲ್ಲಬಹುದು? ಅದರ ನಡುವೆ ಸಂಸಾರದ ಕೆಲಸಗಳಿಗೆ ಸಲ್ಲಬೇಕಾದ ಪಾಲು ಎಷ್ಟು?

ಓಡಬಹುದೇ?

ಮೊದಲನೆಯ ಪ್ರಶ್ನೆಗೆ ಉತ್ತರವು ಈಗ ಬಹುಮಟ್ಟಿಗೆ ನಿರ್ಣಯವಾಗಿದೆ ಎನ್ನಬಹುದು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವೈದ್ಯರು ೧೯೮೪ರಲ್ಲಿ ಐವತ್ತು ವರ್ಷ ದಾಟಿದ ೫೩೮ ಮಂದಿ ಓಟಗಾರರನ್ನೂ, ಓಟದ ಸಂಘಕ್ಕೆ ಸೇರದ ೪೨೩ ಮಂದಿಯನ್ನೂ ಆರಿಸಿಕೊಂಡು ವರ್ಷವರ್ಷವೂ ಅವರ ಸ್ಥಿತಿಗತಿಗಳನ್ನು ವಿಚಾರಿಸುತ್ತಾ ಬಂದರು. ಹತ್ತೊಂಬತ್ತು ವರ್ಷಗಳಾಗುವ ಹೊತ್ತಿಗೆ ಓಟಗಾರರಲ್ಲಿ ನೂರಕ್ಕೆ ೧೫ ಮಂದಿ ತೀರಿಹೋಗಿದ್ದರು. ಇತರರಲ್ಲಿ ನೂರಕ್ಕೆ ೩೪ ಮಂದಿ. ೨೦೦೮ರಲ್ಲಿ ಪ್ರಕಟವಾದ ಈ ವಿಚಾರಣೆಯಲ್ಲಿ ಇನ್ನೂ ಮುಖ್ಯವಾದ ಅಂಶವೊಂದಿತ್ತು. ಎದ್ದು ನಿಲ್ಲುವುದು, ಬಟ್ಟೆ ಉಡುವುದು, ನಡೆಯುವುದು ಮೊದಲಾದ ದಿನದ ಕೆಲಸಗಳಲ್ಲಿ ಪರಾಧೀನರಾಗುವ ಕಾಲವು ಓಟಗಾರರಿಗೆ ಬಹಳ ತಡವಾಗಿ ಬಂದಿತ್ತು. ಸ್ವಭಾವತಃ ಆರೋಗ್ಯವಂತರಾದವರೇ ಓಟಕ್ಕೆ ಇಳಿಯುವರೆಂಬ ಆಕ್ಷೇಪಣೆಯು ಇಲ್ಲಿ ಸಲ್ಲುವುದು ನಿಜ. ಆ ಭಾಗವನ್ನು ಕಳೆದರೂ ಓಟದಿಂದ ಮುಪ್ಪು ಬೇಗನೆ ಬರುವುದೆಂಬ ಹಳೆಯ ಭಯಕ್ಕೆ ಆಧಾರವು ಉಳಿಯುವುದಿಲ್ಲ.

ಮೊಣಕಾಲು ಸವೆದುಹೋಗುವುದೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಅದೇ ವೈದ್ಯರು ಅನೇಕ ವರ್ಷಗಳ ಕಾಲ ಮೊಣಕಾಲಿನ ಎಕ್ಸ್‌ರೇ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಓಟಗಾರರ ಕೀಲುಗಳು ಇತರರವುಗಳಿಗಿಂತ ಹೆಚ್ಚಾಗಿ ಕೆಟ್ಟಿರಲಿಲ್ಲ. ಹಿಂದೆ ಪೆಟ್ಟು ಬಿದ್ದ ಕೀಲಿನ ಮಾತು ಬೇರೆ. ಅದನ್ನು ವೈದ್ಯರಿಗೆ ತೋರಿಸದೆ ಓಡತಕ್ಕುದಲ್ಲ.

ಇನ್ನು ಹೃದಯದ ವಿಷಯ. ಅಮೆರಿಕದಲ್ಲಿ ೨೦೦೦ದಿಂದ ೨೦೧೦ರವರೆಗೆ ನಡೆದ ಪೂರ್ಣ ಹಾಗೂ ಅರ್ಧ ಮ್ಯಾರಥಾನ್ ಓಟಗಳ ಲೆಕ್ಕವನ್ನು ವೈದ್ಯರು ತೆಗೆದರು. ಓಡಿದವರು ಸುಮಾರು ೧ ಕೋಟಿ ೯ ಲಕ್ಷ. ಹೃದಯವು ಹಠಾತ್ತಾಗಿ ನಿಂತವರು ೫೯. ಅವರಲ್ಲಿ ಸತ್ತವರು ೪೨. ಸಂಖ್ಯೆಯು ಅತಿ ಸ್ವಲ್ಪವಾದರೂ, ಆ ನಲವತ್ತೆರಡು ಮನೆಗಳಿಗೆ ಅದು ಸ್ವಲ್ಪವಲ್ಲ. ಹೆಂಗಸರಿಗಿಂತ ಗಂಡಸರಲ್ಲಿಯೂ, ಅರ್ಧದ ಓಟಕ್ಕಿಂತ ಪೂರ್ಣ ಓಟದಲ್ಲಿಯೂ ಅಪಾಯವು ಹೆಚ್ಚಾಗಿತ್ತು. ಆದುದರಿಂದ ಓಡಬಾರದೆಂದು ಹೇಳುವುದಕ್ಕೆ ಕಾರಣವಿಲ್ಲದಿದ್ದರೂ, ಪರೀಕ್ಷೆ ಮಾಡಿಸಿಕೊಳ್ಳದೆ ಪಂದ್ಯಕ್ಕೆ ನಿಲ್ಲಬಾರದೆಂದು ಹೇಳುವುದಕ್ಕೆ ಸಾಕಾದಷ್ಟು ಕಾರಣವಿದೆ.

ಶ್ರಮವೂ ವಿಶ್ರಾಂತಿಯೂ

ವ್ಯಾಯಾಮವೆಂಬ ಶಬ್ದವು 'ಯಮ್' ಎಂಬ ಧಾತುವಿನಿಂದ ಹುಟ್ಟಿದುದು. ನಿಯಮ, ಸಂಯಮ ಎಂಬ ಶಬ್ದಗಳೂ ಆ ಧಾತುವಿನಿಂದಲೇ ಬಂದುವು. ಹಾಗೆಯೇ ವಿಶ್ರಾಂತಿ ಎಂಬ ಶಬ್ದದ ಒಳಗೆ 'ಶ್ರಮ್' ಎಂಬ ಧಾತುವಿದೆ. ಶ್ರಮಪಟ್ಟವನಿಗೇ ವಿಶ್ರಾಂತಿಯೆಂಬುದು ಸಲ್ಲುವುದು. ನಿಯಮವಿದ್ದರೆ ಮಾತ್ರ ಶ್ರಮವು ವ್ಯಾಯಾಮವೆನಿಸುವುದು. ನಮ್ಮ ಪ್ರಾಚೀನ ವೈದ್ಯರಾದ ಸುಶ್ರುತನೂ ವಾಗ್ಭಟನೂ ಮನುಷ್ಯನು ತನ್ನ ಬಲದ ಅರ್ಧದಷ್ಟನ್ನೇ ವ್ಯಾಯಾಮದಲ್ಲಿ ವಿನಿಯೋಗಿಸಬೇಕೆಂದು ವಿಧಿಸಿರುವರು. ಅರ್ಧವೆಂಬುದನ್ನು ತಿಳಿಯುವ ಬಗೆಯೇನು? ಮೂಗಿನಿಂದ ಸಲೀಸಾಗಿ ಆಡುತ್ತಿದ್ದ ಉಸಿರು ಬಾಯಿಗೆ ಬರಲಾರಂಭಿಸಿದರೆ ಅದೇ ಗುರುತೆಂದು ಸುಶ್ರುತನ ಅಭಿಪ್ರಾಯ. ಈಗಿನ ವ್ಯಾಯಾಮಶಿಕ್ಷಕರು 'ಜೊತೆಯವರೊಡನೆ ಮಾತನಾಡುತ್ತ ಓಡಬಲ್ಲಷ್ಟು ವೇಗದಲ್ಲಿ ಓಡಿರಿ' ಎಂದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಪಂದ್ಯದ ದಿನ ಈ ಅರ್ಧದ ಮಿತಿಯನ್ನು ಬೇಕೆಂದೇ ಮೀರುವೆವು. ಹಾಗೆ ಮೀರಿದ ಸಾಲವನ್ನು ತೀರಿಸದೆ ಮತ್ತೆ ಸಾಲ ಮಾಡುವುದರಿಂದಲೇ ವಯಸ್ಸಾದ ಓಟಗಾರರಿಗೆ ಕಷ್ಟಗಳು ಬರುವುವು.

ಸಾಲವೆಂದರೇನು? ಓಟದ ಬಿರುಸಿಗೆ ತೊಡೆ, ಮೀನಖಂಡಗಳ ಎಳೆಗಳಲ್ಲಿ ಬಹು ಸೂಕ್ಷ್ಮವಾದ ಹರಿತಗಳಾಗುವುವು. ಮಾಂಸಖಂಡಗಳಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಎಂಬ ಪಿಷ್ಟವು ಬರಿದಾಗುವುದು. ಚೆನ್ನಾಗಿ ಉಂಡರೆ ಈ ಪಿಷ್ಟವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುವುದು. ಆದರೆ ಎಳೆಗಳ ಜೀರ್ಣೋದ್ಧಾರಕ್ಕೆ ದೀರ್ಘ ಓಟವಾದ ಮೇಲೆ ಒಂದು ವಾರವೂ, ಅದಕ್ಕಿಂತ ಹೆಚ್ಚೂ ಹಿಡಿಯುವುದುಂಟು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಕಂಡರಗಳಿಗೆ ರಕ್ತದ ಸಂಚಾರವು ಕಡಮೆಯಾದ್ದರಿಂದ ಅವು ಇನ್ನೂ ನಿಧಾನವಾಗಿ ಚೇತರಿಸಿಕೊಳ್ಳುವುವು. ಆದುದರಿಂದಲೇ 'ನೋವು ಹೋಯಿತು' ಎಂದಮಾತ್ರಕ್ಕೆ 'ದುರಸ್ತಿಯಾಯಿತು' ಎಂದು ತಿಳಿಯಲಾಗದು.

ಇಪ್ಪತ್ತರ ಪ್ರಾಯದಲ್ಲಿಯೂ ಇವೆಲ್ಲವೂ ನಡೆಯುವುವು. ಅರವತ್ತರಲ್ಲಿ ದುರಸ್ತಿಯ ಕೆಲಸಗಾರರು ನಿಧಾನಿಗಳಾಗಿರುವರು, ಅಷ್ಟೇ ವ್ಯತ್ಯಾಸ. ದೇಹವು ಒಂದು ನಿಮಿಷದಲ್ಲಿ ಬಳಸಬಲ್ಲ ಪ್ರಾಣವಾಯುವಿನ ಗರಿಷ್ಠ ಪ್ರಮಾಣವು ಮೂವತ್ತರ ಅನಂತರ ಹತ್ತು ವರ್ಷಗಳಿಗೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುವುದು. ಬಿಡದೆ ವ್ಯಾಯಾಮ ಮಾಡುವವರಲ್ಲಿ ಈ ಇಳಿತವು ಸುಮಾರು ಅರ್ಧಕ್ಕೆ ತಗ್ಗುವುದು. ಮಾಂಸಖಂಡಗಳು ಕ್ಷಯಿಸುವುವು. ಗಾಢನಿದ್ರೆಯ ಕಾಲವು ಕಡಮೆಯಾಗುವುದು. ದೇಹದ ದುರಸ್ತಿಯ ಬಹುಭಾಗವು ನಡೆಯುವುದು ಈ ಗಾಢನಿದ್ರೆಯಲ್ಲಿಯೇ ಆದ್ದರಿಂದ, ನಾಲ್ಕು ಗಂಟೆಗೆ ಎದ್ದು ಓಡಿ, ರಾತ್ರಿ ಹನ್ನೊಂದರವರೆಗೆ ದೂರದರ್ಶನದ ಮುಂದೆ ಕುಳಿತಿರುವ ವೃದ್ಧರು ತಮ್ಮ ದೇಹಕ್ಕೆ ಕೂಲಿ ಕೊಡದೆ ಕೆಲಸ ಮಾಡಿಸಿದಂತೆ ಆಗುವುದು.

ಫಾಸ್ಟರ್ ಮಹಾಶಯರ ಸೂತ್ರ

ಎರಡನೆಯ ಪ್ರಶ್ನೆಗೆ, ಅಂದರೆ ಎಷ್ಟು ಸಲ ಪಂದ್ಯಕ್ಕೆ ನಿಲ್ಲಬಹುದೆಂಬುದಕ್ಕೆ, ಜಾಕ್ ಫಾಸ್ಟರ್ ಎಂಬವರ ಅನುಭವವು ದಾರಿ ತೋರಿಸುವುದು. ಇವರು ೧೯೩೨ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ನೆಲಸಿದವರು. ಓಟವನ್ನು ಅವರು ಆರಂಭಿಸಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳೊಂದಿಗಳಾದ ಮೇಲೆ. ೧೯೭೪ರಲ್ಲಿ ಕ್ರೈಸ್ಟ್‌ಚರ್ಚ್ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಪಂದ್ಯಗಳಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮ್ಯಾರಥಾನ್ ಓಟವನ್ನು ೨ ಗಂಟೆ ೧೧ ನಿಮಿಷಗಳಲ್ಲಿ ಮುಗಿಸಿ ಎರಡನೆಯವರಾದರು. ಪಂದ್ಯದಲ್ಲಿ ಓಡಿದ ಒಂದೊಂದು ಮೈಲಿಗೆ ಒಂದೊಂದು ದಿನದಂತೆ ದೇಹವನ್ನು ಮರಳಿ ಕಠಿಣ ಪ್ರಯಾಸಕ್ಕೆ ಗುರಿಮಾಡಬಾರದೆಂಬುದು ಅವರು ಪಾಲಿಸುತ್ತಿದ್ದ ಕಟ್ಟಳೆ.

ಇದು ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಿದ್ಧಾಂತವಲ್ಲ, ಅನುಭವದ ಸೂತ್ರ. ಆದರೆ ಲೆಕ್ಕಕ್ಕೆ ಅನುಕೂಲವಾದದ್ದು. ಹತ್ತು ಕಿಲೋಮೀಟರೆಂದರೆ ಆರು ಮೈಲಿಯ ಮೇಲೆ ಸ್ವಲ್ಪ, ಆರು ದಿನಗಳು. ಅರ್ಧ ಮ್ಯಾರಥಾನ್ ಹದಿಮೂರು ಮೈಲಿ, ಹದಿಮೂರು ದಿನಗಳು. ಪೂರ್ಣ ಮ್ಯಾರಥಾನಿನ ೪೨.೧೯೫ ಕಿಲೋಮೀಟರುಗಳಿಗೆ ಇಪ್ಪತ್ತಾರು ದಿನಗಳು. ಈ ದಿನಗಳಲ್ಲಿ ಹಾಸಿಗೆಯ ಮೇಲೆ ಮಲಗಿರಬೇಕೆಂದಲ್ಲ. ನಡೆಯಬಹುದು, ಮೆಲ್ಲನೆ ಓಡಬಹುದು. ಪಂದ್ಯವನ್ನಾಗಲಿ, ಏದುಸಿರಿನ ಅಭ್ಯಾಸವನ್ನಾಗಲಿ ಮಾಡಬಾರದು ಎಂದಷ್ಟೇ ಅರ್ಥ.

ಈಗ ಪ್ರತಿ ಭಾನುವಾರವೂ ಹತ್ತು ಕಿಲೋಮೀಟರುಗಳ ಪಂದ್ಯಕ್ಕೆ ನಿಲ್ಲುವವರ ಸ್ಥಿತಿಯನ್ನು ಈ ಸೂತ್ರದಿಂದ ಅಳೆಯೋಣ. ಭಾನುವಾರ ಪಂದ್ಯ, ಸೋಮವಾರದಿಂದ ಶನಿವಾರದವರೆಗೆ ಆರು ದಿನಗಳ ಚೇತರಿಕೆ, ಮತ್ತೆ ಭಾನುವಾರ ಪಂದ್ಯ. ಜಮಾಖರ್ಚು ಸರಿಹೋಯಿತು, ಆದರೆ ಬಲವನ್ನು ಹೊಸದಾಗಿ ಸಂಪಾದಿಸುವುದಕ್ಕೆ ಒಂದು ದಿನವೂ ಉಳಿಯಲಿಲ್ಲ. ಇದು ನಲವತ್ತೊಂದರ ವಯಸ್ಸಿನ ಅಸಾಧಾರಣ ಓಟಗಾರರೊಬ್ಬರ ಅಳತೆ. ಅರವತ್ತು ದಾಟಿದ ಸಾಧಾರಣರಾದ ನಾವು ಅದಕ್ಕೆ ಇನ್ನಷ್ಟು ದಿನಗಳನ್ನು ಕೂಡಿಸಿಕೊಳ್ಳಬೇಕೇ ಹೊರತು ಕಳೆಯುವಂತಿಲ್ಲ.

ಒಂದು ಮನೆಯ ದೃಷ್ಟಾಂತ

ನನಗೆ ಪರಿಚಿತರಾದ ಗೃಹಸ್ಥರೊಬ್ಬರಿದ್ದಾರೆ. ಲೆಕ್ಕಪತ್ರದ ಇಲಾಖೆಯಲ್ಲಿದ್ದು ನಿವೃತ್ತರಾದವರು, ವಯಸ್ಸು ಅರವತ್ತೆರಡು. ಒಂದು ಚಳಿಗಾಲದಲ್ಲಿ ಹದಿನಾಲ್ಕು ಭಾನುವಾರಗಳ ಪೈಕಿ ಒಂಬತ್ತರಲ್ಲಿ ಇವರು ಪಂದ್ಯಗಳಿಗೆ ಹೋದರು. ಮೊದಲನೆಯದನ್ನು ಒಂದು ಗಂಟೆಯೊಳಗೆ ಮುಗಿಸಿದವರು ಒಂಬತ್ತನೆಯದಕ್ಕೆ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡರು. ವೇಗ ಕಡಮೆಯಾದಷ್ಟೂ ಅಭ್ಯಾಸ ಸಾಲದೆಂದು ತಿಳಿದು ಇನ್ನಷ್ಟು ಓಡಿದರು. ಕೊನೆಗೆ ಹಿಮ್ಮಡಿಯ ಮೇಲಣ ಕಂಡರವು ಊದಿಕೊಂಡು, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಚ್ಚಲಮನೆಗೆ ಹೋಗುವುದಕ್ಕೂ ಗೋಡೆಯನ್ನು ಹಿಡಿಯಬೇಕಾಯಿತು. ವೈದ್ಯರು ಆರು ವಾರಗಳ ಕಾಲ ಓಟವನ್ನು ನಿಲ್ಲಿಸುವಂತೆ ಹೇಳಿದರು.

ಅವರ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧ ತಾಯಿ ಇದ್ದರು. ಒಂದು ಸಂಜೆ ನಾನು ಕಾಲಿನ ಸ್ಥಿತಿಯನ್ನು ವಿಚಾರಿಸಲು ಹೋಗಿದ್ದಾಗ, ಮಾತಿನ ನಡುವೆ ಅವರ ಪತ್ನಿಯವರು ಕಾಫಿಯ ಲೋಟವನ್ನು ಕೆಳಗಿಟ್ಟು, ಸಿಟ್ಟಿಲ್ಲದ ಧ್ವನಿಯಲ್ಲಿಯೇ ಹೀಗೆಂದರು: 'ನೋಡಿ, ಭಾನುವಾರದ ಓಟ ನಿಮಗೆ ಒಂದು ದಿನದ್ದು; ನನಗೆ ಮೂರು ದಿನದ್ದು. ಶನಿವಾರ ನಿಮಗಾಗಿ ಬೇಗ ಅಡಿಗೆ ಮುಗಿಸಬೇಕು. ಭಾನುವಾರ ಅತ್ತೆಯವರನ್ನು ಒಬ್ಬಳೇ ಎತ್ತಿ ಕೂರಿಸಿ ಸ್ನಾನ ಮಾಡಿಸಬೇಕು. ಸೋಮವಾರ ನಿಮ್ಮ ಕಾಲಿಗೆ ಎಣ್ಣೆ ಕಾಯಿಸಬೇಕು. ಓಡಬೇಡಿ ಅಂತ ನಾನು ಯಾವತ್ತೂ ಹೇಳಿದವಳಲ್ಲ. ನನ್ನ ಸೊಂಟಕ್ಕೂ ಒಂದು ರಜಾ ದಿನ ಬೇಕು ಅಂತ ಮಾತ್ರ ಹೇಳ್ತೀನಿ.'

ಯಜಮಾನರು ಕೂಡಲೇ ಏನನ್ನೂ ಹೇಳಲಿಲ್ಲ. ಮುಂದಿನ ವಾರ ನಾನು ಹೋದಾಗ ಹಳೆಯ ಅಭ್ಯಾಸದಂತೆ ರೂಲು ಎಳೆದ ಪುಸ್ತಕವೊಂದನ್ನು ಇಟ್ಟುಕೊಂಡು ಕುಳಿತಿದ್ದರು. ಅದರಲ್ಲಿ ಮೂರು ಕಲಮುಗಳು: ಪಂದ್ಯ, ಪಂದ್ಯದ ಅನಂತರದ ಚೇತರಿಕೆಯ ದಿನಗಳು, ಆ ದಿನಗಳಲ್ಲಿ ಮನೆಯಲ್ಲಿ ತಾವು ಮಾಡಲೇಬೇಕಾದ ಕೆಲಸ. ಮೂರನೆಯ ಕಲಮನ್ನು ಅವರು ಪತ್ನಿಯವರನ್ನು ಕೇಳಿಯೇ ಬರೆದಿದ್ದರು. ಅಲ್ಲಿಂದ ಮುಂದಣ ವರ್ಷದಲ್ಲಿ ಅವರು ಶಕ್ತಿಮೀರಿ ಓಡಿದ್ದು ನಾಲ್ಕೇ ಪಂದ್ಯಗಳಲ್ಲಿ. ಇನ್ನೆರಡರಲ್ಲಿ ಮಗಳ ಜೊತೆಯಲ್ಲಿ ಮಾತನಾಡುತ್ತ ಓಡಿದರು. ಭಾನುವಾರಗಳ ಸ್ನಾನದ ಕೆಲಸವು ಬಹುಮಟ್ಟಿಗೆ ಅವರ ಪಾಲಿಗೆ ಬಂದಿತು. ವೇಗವೇನೂ ವಿಶೇಷವಾಗಿ ಹೆಚ್ಚಲಿಲ್ಲ. ಆದರೆ ವರ್ಷವಿಡೀ ಒಂದು ವಾರವೂ ಕುಂಟದೆ ಓಡಿದರು.

ಈ ದೃಷ್ಟಾಂತದಲ್ಲಿ ನನಗೆ ಮುಖ್ಯವೆಂದು ತೋರಿದ ಅಂಶವೇನೆಂದರೆ: ಹಿಮ್ಮಡಿಗೂ ಸಂಸಾರಕ್ಕೂ ಬೇರೆ ಬೇರೆ ಔಷಧಗಳು ಬೇಕಾಗಲಿಲ್ಲ. ಯಾವ ಅತಿಯು ಕಾಲನ್ನು ಕೆಡಿಸಿತೋ ಅದೇ ಅತಿಯು ಪತ್ನಿಯವರ ಸೊಂಟವನ್ನೂ ಕೆಡಿಸುತ್ತಿತ್ತು. ಒಂದನ್ನು ತಗ್ಗಿಸಿದಾಗ ಎರಡೂ ಶಮನವಾದುವು.

ದೀರ್ಘಕಾಲ ಓಡಿದವರ ನಡವಳಿಕೆ

ಬಹುಕಾಲ ಓಡಿ ಕೀರ್ತಿವಂತರಾದವರ ಚರಿತ್ರೆಗಳನ್ನು ನೋಡಿದರೂ ಈ ಮಿತಿಯ ಅರಿವೇ ಕಂಡುಬರುವುದು. ಅಮೆರಿಕದ ಕ್ಲಾರೆನ್ಸ್ ಡಿಮಾರ್ ಎಂಬವರು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದವರು. ೧೯೧೧ರಿಂದ ೧೯೩೦ರ ಒಳಗೆ ಬಾಸ್ಟನ್ ಮ್ಯಾರಥಾನನ್ನು ಏಳು ಸಲ ಗೆದ್ದರು. ಕೊನೆಯ ಗೆಲವಿನ ಕಾಲಕ್ಕೆ ಅವರ ವಯಸ್ಸು ನಲವತ್ತೊಂದು. ಕೆಲಸಕ್ಕೆ ಓಡಿಕೊಂಡೇ ಹೋಗಿಬರುವ ಪದ್ಧತಿಯನ್ನು ಇಟ್ಟುಕೊಂಡಿದ್ದುದರಿಂದ ಅಭ್ಯಾಸಕ್ಕೆಂದು ಬೇರೆ ಹೊತ್ತನ್ನು ಸಂಸಾರದಿಂದ ಕಸಿಯಬೇಕಾಗಲಿಲ್ಲ. ಆರಂಭದಲ್ಲಿ ವೈದ್ಯರು ಇವರ ಎದೆಯಲ್ಲಿ ಅಸಹಜವಾದ ಶಬ್ದವಿದೆಯೆಂದು ಎಚ್ಚರಿಸಿದ್ದರು. ೧೯೫೪ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಕೊನೆಯ ಸಲ ಬಾಸ್ಟನ್ನಿನಲ್ಲಿ ಓಡಿ ೧೯೫೮ರಲ್ಲಿ ಅರ್ಬುದರೋಗದಿಂದ ತೀರಿಕೊಂಡರು. ಮರಣಾನಂತರ ಪರೀಕ್ಷಿಸಿದ ವೈದ್ಯರು ೧೯೬೧ರಲ್ಲಿ ಪ್ರಕಟಿಸಿದ ವರದಿಯಂತೆ ಇವರ ಹೃದಯಕ್ಕೆ ರಕ್ತವನ್ನು ಒದಗಿಸುವ ಧಮನಿಗಳು ಸಾಮಾನ್ಯಕ್ಕಿಂತ ಎರಡು ಮೂರು ಪಾಲು ವಿಶಾಲವಾಗಿದ್ದುವು.

ಕೆನಡಾದ ಎಡ್ ವಿಟ್‌ಲಾಕ್ ಎಂಬವರು ೧೯೩೧ರಲ್ಲಿ ಹುಟ್ಟಿದವರು. ಗಣಿಯ ಇಂಜಿನಿಯರಾಗಿದ್ದು ನಿವೃತ್ತರಾದರು. ೨೦೦೩ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಮ್ಯಾರಥಾನನ್ನು ೨ ಗಂಟೆ ೫೯ ನಿಮಿಷ ೧೦ ಸೆಕೆಂಡುಗಳಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರಲ್ಲಿ ಮೂರು ಗಂಟೆಯೊಳಗೆ ಓಡಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಮರುವರ್ಷ ಅದನ್ನು ೨ ಗಂಟೆ ೫೪ ನಿಮಿಷ ೪೮ ಸೆಕೆಂಡುಗಳಿಗೆ ಇಳಿಸಿದರು. ೨೦೧೬ರಲ್ಲಿ ಎಂಬತ್ತೈದರ ವಯಸ್ಸಿನಲ್ಲಿ ೩ ಗಂಟೆ ೫೬ ನಿಮಿಷಗಳಲ್ಲಿ ಓಡಿ, ೨೦೧೭ರ ಮಾರ್ಚಿಯಲ್ಲಿ ತೀರಿಕೊಂಡರು. ಇಂತಹವರ ದಿನದ ಅಭ್ಯಾಸವು ಎಷ್ಟು ಬಿರುಸಾಗಿರಬಹುದೆಂದು ನಾವು ಊಹಿಸುವೆವು. ನಿಜಸ್ಥಿತಿಯಾದರೋ ಬೇರೆ. ಮಿಲ್ಟನ್ ಎಂಬ ತಮ್ಮ ಊರಿನ ಸ್ಮಶಾನದ ಕಾಲುದಾರಿಗಳಲ್ಲಿ, ಮನೆಗೆ ಸಮೀಪದಲ್ಲಿಯೇ, ಗಂಟೆಗಟ್ಟಲೆ ಸಣ್ಣ ಹೆಜ್ಜೆಗಳಲ್ಲಿ ನಿಧಾನವಾಗಿ ಸುತ್ತುತ್ತಿದ್ದರು. ಬಿರುಸನ್ನೆಲ್ಲ ಪಂದ್ಯದ ದಿನಕ್ಕೆಂದೇ ಕಾದಿಡುತ್ತಿದ್ದರು. ಮೊಣಕಾಲು ಕೆಟ್ಟಾಗ ತಿಂಗಳುಗಟ್ಟಲೆ ಓಟವನ್ನು ಬಿಟ್ಟು, ಆಮೇಲೆ ಸ್ವಲ್ಪಸ್ವಲ್ಪವಾಗಿ ಹೊತ್ತನ್ನು ಏರಿಸುತ್ತಿದ್ದರು. ನಮ್ಮಲ್ಲಿ ಬಹುಮಂದಿ ಇದಕ್ಕೆ ವಿಪರೀತವಾಗಿ ದಿನವೂ ಅರ್ಧ ಬಿರುಸಿನಿಂದ ಓಡಿ, ಪಂದ್ಯದ ದಿನಕ್ಕೆ ಏನನ್ನೂ ಉಳಿಸಿಕೊಳ್ಳದೆ ಇರುವೆವು.

ನಮ್ಮ ದೇಶದವರಾದ ಫೌಜಾ ಸಿಂಗ್ ಅವರ ಹೆಸರನ್ನು ಕೇಳದವರು ವಿರಳ. ಪಂಜಾಬಿನ ಬಿಯಾಸ್ ಪಿಂಡ್ ಎಂಬ ಹಳ್ಳಿಯವರು. ೧೯೧೧ರಲ್ಲಿ ಹುಟ್ಟಿದರೆಂದು ಅವರ ಪಾಸ್‌ಪೋರ್ಟಿನಲ್ಲಿತ್ತು. ಜನನಪತ್ರವು ಇಲ್ಲದುದರಿಂದ ಗಿನ್ನೆಸ್ ದಾಖಲೆಯವರು ಅವರ ವಯಸ್ಸನ್ನು ಅಂಗೀಕರಿಸಲಿಲ್ಲ. ಪತ್ನಿಯೂ ಮಗನೂ ತೀರಿಹೋದ ದುಃಖದಿಂದ ಹೊರಬರುವುದಕ್ಕಾಗಿ ಲಂಡನ್ನಿನಲ್ಲಿ ಓಟವನ್ನು ಹಿಡಿದರು. ೨೦೦೦ದಲ್ಲಿ ಲಂಡನ್ ಮ್ಯಾರಥಾನನ್ನೂ, ೨೦೧೧ರಲ್ಲಿ ಟೊರಾಂಟೋ ನಗರದ ಮ್ಯಾರಥಾನನ್ನು ಎಂಟು ಗಂಟೆ ಇಪ್ಪತ್ತೈದು ನಿಮಿಷಗಳಲ್ಲಿಯೂ ಮುಗಿಸಿದರು. ೨೦೧೩ರಲ್ಲಿ ಹಾಂಗ್‌ಕಾಂಗಿನಲ್ಲಿ ಹತ್ತು ಕಿಲೋಮೀಟರು ಓಡಿ ಪಂದ್ಯಗಳಿಂದ ನಿವೃತ್ತರಾದರು. ನಡಿಗೆಯನ್ನು ಮಾತ್ರ ಬಿಡಲಿಲ್ಲ. ಪಂದ್ಯವನ್ನು ಬಿಡುವ ಕಾಲವು ಬಂದಾಗ ಬಿಡುವುದೂ, ವ್ಯಾಯಾಮವನ್ನು ಉಳಿಸಿಕೊಳ್ಳುವುದೂ ಬೇರೆ ಬೇರೆ ಎಂಬುದನ್ನು ಅವರಿಂದ ಕಲಿಯಬಹುದು.

ಹೆಂಗಸರಿಗೆ ಇದು ಸಲ್ಲದೆಂದು ಯಾರೂ ತಿಳಿಯಬಾರದು. ಪಂಜಾಬಿನ ಮನ್ ಕೌರ್ ಎಂಬ ತಾಯಿಯು ತೊಂಬತ್ತಮೂರನೆಯ ವಯಸ್ಸಿನಲ್ಲಿ ಓಟವನ್ನು ಆರಂಭಿಸಿ, ೨೦೧೭ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನಡೆದ ಹಿರಿಯರ ಜಾಗತಿಕ ಪಂದ್ಯಗಳಲ್ಲಿ, ನೂರೊಂದನೆಯ ವಯಸ್ಸಿನಲ್ಲಿ, ನೂರು ಮೀಟರನ್ನು ೭೪ ಸೆಕೆಂಡುಗಳಲ್ಲಿ ಓಡಿದರು. ಅವರಿಗೆ ಶಿಕ್ಷಕರಾಗಿದ್ದವರು ಅವರ ಮಗನೇ. ೨೦೨೧ರಲ್ಲಿ ಆಕೆ ತೀರಿಕೊಂಡರು. ಮನೆಯವರು ಜೊತೆಗೆ ನಿಂತರೆ ಮುಪ್ಪಿನ ವ್ಯಾಯಾಮವು ಎಷ್ಟು ಸುಗಮವಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇಲ್ಲಿ ಒಂದು ವಿಷಾದಕರವಾದ ಸಂಗತಿಯನ್ನೂ ಹೇಳದೆ ಬಿಡುವಂತಿಲ್ಲ. ಫಾಸ್ಟರ್ ಅವರು ೨೦೦೪ರಲ್ಲಿ ಬೈಸಿಕಲ್ಲಿನ ಮೇಲೆ ಹೋಗುತ್ತಿರುವಾಗ ಮೋಟಾರು ಬಡಿದು ಮೃತರಾದರು. ಫೌಜಾ ಸಿಂಗ್ ಅವರು ೨೦೨೫ರ ಜುಲೈಯಲ್ಲಿ ತಮ್ಮ ಹಳ್ಳಿಯ ರಸ್ತೆಯಲ್ಲಿ ವಾಹನವೊಂದು ಬಡಿದು ಪ್ರಾಣ ಬಿಟ್ಟರು. ಓಟವು ಈ ಇಬ್ಬರಿಗೂ ಮಾಡದಿದ್ದ ಅಪಾಯವನ್ನು ರಸ್ತೆಯು ಮಾಡಿತು. ಆದುದರಿಂದ ನಸುಕಿನಲ್ಲಿ ಹೊರಡುವ ಹಿರಿಯರು ಬಿಳಿಯ ಬಟ್ಟೆಯನ್ನು ತೊಟ್ಟು, ಎದುರಿನಿಂದ ಬರುವ ವಾಹನಗಳು ಕಣ್ಣಿಗೆ ಕಾಣುವ ಮಗ್ಗುಲಲ್ಲಿ ಹೋಗಬೇಕು. ಉದ್ಯಾನವೋ ಶಾಲೆಯ ಬಯಲೋ ಸಿಕ್ಕಿದರೆ ರಸ್ತೆಯನ್ನೇ ಬಿಡುವುದು ಮೇಲು.

ಅನುಷ್ಠಾನಕ್ಕೆ ಕೆಲವು ಮಾತುಗಳು

ವೈದ್ಯರ ಪರೀಕ್ಷೆಯು ಮೊದಲನೆಯ ಕರ್ತವ್ಯ. ರಕ್ತದ ಒತ್ತಡ, ಸಕ್ಕರೆ, ಹೃದಯ ಇವುಗಳನ್ನು ತೋರಿಸಿಕೊಂಡು ಅಪ್ಪಣೆ ಪಡೆದ ಮೇಲೆಯೇ ಪಂದ್ಯದ ಮಾತು. ಓಡುವಾಗ ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ಕಣ್ಣುಕತ್ತಲೆ, ಎಂದಿಲ್ಲದ ಏದುಸಿರು ಕಂಡರೆ ಅಲ್ಲಿಯೇ ನಿಲ್ಲಬೇಕು. ಕಟ್ಟಿದ ಹಣವನ್ನು ನೆನೆಯಬಾರದು. ಜ್ವರವಿರುವಾಗ ಓಡಲೇಬಾರದು. ಕೆಲವು ಜ್ವರಗಳಲ್ಲಿ ಹೃದಯದ ಮಾಂಸಖಂಡವೇ ಉರಿಯೂತಕ್ಕೆ ಒಳಗಾಗಿರುವುದುಂಟು; ಆಗಿನ ಪ್ರಯಾಸವು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲಿಯೇ ಒಂದು ನಿಮಿಷ ನಾಡಿಯನ್ನು ಎಣಿಸಿ ಬರೆದಿಡುವ ಅಭ್ಯಾಸವು ಒಳ್ಳೆಯದು. ನಿತ್ಯದ ಎಣಿಕೆಗಿಂತ ಏಳೆಂಟು ಬಡಿತಗಳು ಹೆಚ್ಚಾಗಿದ್ದರೆ ಹಿಂದಿನ ಶ್ರಮವು ಇನ್ನೂ ತೀರಿಲ್ಲವೆಂದೋ, ನಿದ್ರೆ ಸಾಲದೆಂದೋ, ಜ್ವರವು ಬರಲಿದೆಯೆಂದೋ ಶಂಕಿಸಬಹುದು. ಆ ದಿನ ಮೆಲ್ಲನೆ ನಡೆದು ಬಂದರೆ ಸಾಕು. ಇದಕ್ಕೆ ಗಡಿಯಾರವೊಂದು ಇದ್ದರೆ ಆಯಿತು, ಬೆಲೆಬಾಳುವ ಯಂತ್ರಗಳು ಬೇಡ.

ಓಟವೊಂದರಿಂದಲೇ ದೇಹಕ್ಕೆ ಬೇಕಾದುದೆಲ್ಲವೂ ದೊರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ವ್ಯಾಯಾಮವಲ್ಲದೆ ಎರಡು ದಿನಗಳಾದರೂ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವು ಬೇಕು. ಅರವತ್ತೈದು ದಾಟಿದವರಿಗೆ ಬೀಳದಂತೆ ಮೈತೂಕವನ್ನು ಹಿಡಿಯುವ ಅಭ್ಯಾಸವೂ ವಾರಕ್ಕೆ ಮೂರು ದಿನ ಬೇಕು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಮೆಟ್ಟಿಲಿನ ಅಂಚಿನಲ್ಲಿ ಗೋಡೆ ಹಿಡಿದು ಮುಂಗಾಲ ಮೇಲೆ ಎದ್ದು ಇಳಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಇವು ಮನೆಯಲ್ಲಿಯೇ ಆಗುವ ಅಭ್ಯಾಸಗಳು. ಬಾವಿಯಿಂದ ನೀರು ಸೇದಿದವರೂ ಒರಳಿನಲ್ಲಿ ರುಬ್ಬಿದವರೂ ಹಿಂದೆ ಇವನ್ನು ಹೆಸರಿಲ್ಲದೆಯೇ ಮಾಡುತ್ತಿದ್ದರು.

ಆಹಾರದಲ್ಲಿ ಹಿರಿಯರು ಅನ್ನ ಸಾರುಗಳಿಗೇ ತೃಪ್ತರಾಗುವುದು ವಾಡಿಕೆ. ಮಾಂಸಖಂಡದ ದುರಸ್ತಿಗೆ ಸಾರಜನಕಾಂಶವು ಬೇಕು. ವಯಸ್ಸಾದಂತೆ ಅದರ ಅವಶ್ಯಕತೆಯು ಹೆಚ್ಚುವುದೇ ಹೊರತು ಕಡಮೆಯಾಗುವುದಿಲ್ಲ. ಗಟ್ಟಿ ಬೇಳೆಯ ಹುಳಿ, ಹುರುಳಿ, ಹೆಸರುಕಾಳಿನ ಉಸಲಿ, ಕಡಲೆ, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ಮೀನುಗಳು, ಇವನ್ನು ಮೂರು ಹೊತ್ತಿಗೂ ಹಂಚಿಕೊಳ್ಳುವುದು ಲೇಸು. ದೀರ್ಘ ಓಟದಲ್ಲಿ ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ಹೆದರಿಕೊಂಡು ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶವು ತಗ್ಗಿ ಮೂರ್ಛೆ ಬರುವುದೂ ಉಂಟು. ಓಟದ ಅನಂತರ ಉಪ್ಪು ಹಾಕಿದ ಮಜ್ಜಿಗೆಯು ನಮ್ಮ ನಾಡಿನ ಒಳ್ಳೆಯ ಪಾನೀಯ. ರಕ್ತದ ಒತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯತಕ್ಕುದು.

ಪಂದ್ಯಗಳಲ್ಲಿ ಎರಡು ಬಗೆಗಳನ್ನು ಮಾಡಿಕೊಳ್ಳಬೇಕು. ಶಕ್ತಿಯನ್ನು ಪರೀಕ್ಷಿಸಿಕೊಳ್ಳುವ ಪಂದ್ಯಗಳು ಕೆಲವು. ಸ್ನೇಹಿತರೊಡನೆ ಸಂತೋಷಕ್ಕಾಗಿ ಓಡುವುವು ಕೆಲವು. ಎರಡನೆಯದರಲ್ಲಿ ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟುಬರುವ ಮನಸ್ಸಿಲ್ಲದವರು ಅಂಥದಕ್ಕೆ ಹೋಗದಿರುವುದೇ ಕ್ಷೇಮ. ಪಕ್ಕದಲ್ಲಿ ಮತ್ತೊಬ್ಬ ಹಿರಿಯರು ಮುಂದೆ ಹೋದರೆಂದು ಕಾಲು ತಾನಾಗಿ ಬಿರುಸಾಗುವುದು ಮನುಷ್ಯಸ್ವಭಾವ. ಇದಕ್ಕೆ ಅರವತ್ತಾದರೇನು, ಎಪ್ಪತ್ತಾದರೇನು?

ಇನ್ನು ಮೂರನೆಯ ಪ್ರಶ್ನೆಯಾದ ಸಂಸಾರದ ಪಾಲು. ಹೊಸ ಪಂಚಾಂಗವು ಮನೆಗೆ ಬಂದಾಗ ಹಬ್ಬಗಳು, ಮನೆಯ ಶ್ರಾದ್ಧಗಳು, ಮಕ್ಕಳ ಪರೀಕ್ಷೆಗಳು, ನೆಂಟರ ಮದುವೆಗಳು ಎಲ್ಲವನ್ನೂ ಮೊದಲು ಗುರುತು ಹಾಕಿರಿ. ಉಳಿದ ದಿನಗಳಲ್ಲಿ ವರ್ಷಕ್ಕೆ ನಾಲ್ಕೈದು ಪಂದ್ಯಗಳನ್ನು ಆರಿಸಿ, ಒಂದೊಂದರ ಮುಂದೆಯೂ ಚೇತರಿಕೆಯ ದಿನಗಳನ್ನು ಎಣಿಸಿ ಗೆರೆ ಎಳೆಯಿರಿ. ಗಂಡನು ಓಡುವವನಾದರೆ ಹೆಂಡತಿಯೂ, ಹೆಂಡತಿಯು ಓಡುವವಳಾದರೆ ಗಂಡನೂ, ಮನೆಯಲ್ಲಿ ಮಗ ಸೊಸೆಯರಿದ್ದರೆ ಅವರೂ ಜೊತೆಯಲ್ಲಿ ಕುಳಿತು ಈ ಗೆರೆಗಳನ್ನು ಎಳೆಯುವುದು ಒಳ್ಳೆಯದು. ಆ ಗೆರೆಗಳ ದಿನಗಳಲ್ಲಿ ಓಟಗಾರರಿಗೆ ಬಿಡುವು ಸಿಕ್ಕುವುದು. ಆ ಬಿಡುವಿನಲ್ಲಿ ತರಕಾರಿ ತರುವುದು, ಮೊಮ್ಮಗುವನ್ನು ಶಾಲೆಗೆ ಮುಟ್ಟಿಸುವುದು, ಹಾಸಿಗೆ ಹಿಡಿದವರ ಬಳಿ ಕುಳಿತುಕೊಳ್ಳುವುದು ಮೊದಲಾದ ಕೆಲಸಗಳು ಕಾಲಿಗೂ ಹಿತ, ಮನೆಗೂ ಹಿತ. ಈ ವರ್ಷದ ಪಂಚಾಂಗದಲ್ಲಿ ಇನ್ನೂ ಅನೇಕ ಭಾನುವಾರಗಳು ಖಾಲಿಯಾಗಿರಬಹುದು. ಅವನ್ನೆಲ್ಲ ತುಂಬಿಸಬೇಕೆಂಬ ನಿಯಮವೇನೂ ಇಲ್ಲ.